ಹಾಯಿದೋಣಿಯಲ್ಲಿ ದ್ವೀಪವಿಹಾರ: ದಸರಾ, ಕ್ರಿಸ್‌ಮಸ್, ಬೇಸಿಗೆ ರಜೆಗಳಲ್ಲಿ ಯಾವುದು ಸೂಕ್ತ?

ಪ್ರಶ್ನೆ: ತೊಗರಿನಾಡು, ಕಲಬುರಗಿ

ಎಲ್ಲರಿಗೂ ಶರಣು. ನಾನು ಕಲಬುರಗಿಯ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೇನೆ. ನಮ್ಮ ಮನೆಯವರು ದಾಲ್ ಮಿಲ್ ನಡೆಸುತ್ತಾರೆ. ಪ್ರೌಢಶಾಲೆಯಲ್ಲಿ ಓದುವ ಇಬ್ಬರು ಮಕ್ಕಳು ಮತ್ತು ಅರವತ್ತು ದಾಟಿದ ನಮ್ಮ ಅತ್ತೆಯವರನ್ನು ಕರೆದುಕೊಂಡು ಬೆಚ್ಚನೆಯ ಸಮುದ್ರದ ಯಾವುದಾದರೂ ದ್ವೀಪಸಮೂಹಕ್ಕೆ ಹೋಗಿ, ನಾಲ್ಕೈದು ದಿನಗಳನ್ನು ಹಾಯಿದೋಣಿಯಲ್ಲಿ ಕಳೆಯಬೇಕೆಂಬುದು ನಮ್ಮ ಬಹುದಿನದ ಆಸೆ. ಎಂಜಿನ್ ದೋಣಿಯಲ್ಲಿ ಒಂದು ಗಂಟೆ ಸುತ್ತಾಡಿಸಿ ದಡಕ್ಕೆ ಬಿಡುವ ವಿಹಾರ ನಮಗೆ ಬೇಡ. ದೋಣಿಯನ್ನು ನಡೆಸಲು ಅನುಭವಸ್ಥ ಸ್ಕಿಪ್ಪರ್ ಇರಬೇಕು, ಗಾಳಿಗೆ ಹಾಯಿ ತುಂಬಿಕೊಂಡು ಒಂದು ದ್ವೀಪದಿಂದ ಇನ್ನೊಂದು ದ್ವೀಪಕ್ಕೆ ಸಾಗಬೇಕು.

ನಮ್ಮ ತೊಡಕು ಕಾಲದ್ದು. ಹೊಸ ತೊಗರಿ ಮಾರುಕಟ್ಟೆಗೆ ಬಂದ ಮೇಲೆ, ಅಂದರೆ ಜನವರಿಯಿಂದ ಮಾರ್ಚ್‌ವರೆಗೆ, ಮಿಲ್ಲನ್ನು ಬಿಟ್ಟು ಒಂದು ದಿನವೂ ಹೊರಗೆ ಹೋಗಲಾಗುವುದಿಲ್ಲ. ಹೀಗಾಗಿ ನಮಗೆ ಉಳಿಯುವುದು ಮೂರೇ ಅವಕಾಶಗಳು: ಅಕ್ಟೋಬರ್ ಸುಮಾರಿಗೆ ಬರುವ ದಸರಾ ರಜೆ, ಡಿಸೆಂಬರ್ ಕೊನೆಯಲ್ಲಿ ಸಿಗುವ ಒಂದು ವಾರ, ಮತ್ತು ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗಿನ ಬೇಸಿಗೆ ರಜೆ. ಅಂಡಮಾನ್, ಲಕ್ಷದ್ವೀಪ, ಮಾಲ್ದೀವ್ಸ್, ಥಾಯ್ಲೆಂಡ್, ಮಾರಿಷಸ್ ಎಂದು ಪ್ರವಾಸ ಕಂಪನಿಗಳು ತೋರಿಸುವ ಪಟ್ಟಿಯಲ್ಲಿ ಎಲ್ಲ ಜಾಗಗಳಿಗೂ ‘ವರ್ಷವಿಡೀ ಸೂಕ್ತ’ ಎಂದೇ ಬರೆದಿರುತ್ತಾರೆ. ಇದನ್ನು ನಂಬಬಹುದೇ? ಕಲಬುರಗಿಯ ಬಿಸಿಲಿನಿಂದ ತಪ್ಪಿಸಿಕೊಳ್ಳಲು ಮೇ ತಿಂಗಳಲ್ಲೇ ಹೋಗಬೇಕೆಂದು ಮಕ್ಕಳ ಹಟ. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ: ಭೀಮಾತೀರ, ಯಾದಗಿರಿ

ಅಕ್ಕನವರೆ, ನನ್ನ ಅಭಿಪ್ರಾಯ ಸ್ವಲ್ಪ ಬೇರೆ ಇದೆ. ನಾವು ಗೆಳೆಯರು ಅಂಡಮಾನ್‌ಗೆ ಆಗಸ್ಟ್‌ನಲ್ಲಿ ಹೋಗಿದ್ದೆವು. ವಿಮಾನದ ಟಿಕೆಟ್, ಹೋಟೆಲ್ ಎಲ್ಲವೂ ಅಗ್ಗವಾಗಿ ಸಿಕ್ಕಿದವು, ಕಡಲತೀರಗಳಲ್ಲಿ ಜನಸಂದಣಿ ಇರಲಿಲ್ಲ. ಮಳೆ ಬಂದಾಗ ಬರುತ್ತಿತ್ತು, ನಿಂತಾಗ ಬಿಸಿಲೂ ಬೀಳುತ್ತಿತ್ತು. ಯಾದಗಿರಿಯಲ್ಲಿ ವರ್ಷಪೂರ್ತಿ ಮಳೆಗಾಗಿ ಮುಗಿಲು ನೋಡುವ ನಮಗೆ ಮಳೆಯೇ ಒಂದು ಸಂಭ್ರಮವಾಗಿತ್ತು. ಉಷ್ಣವಲಯದ ದ್ವೀಪಗಳಲ್ಲಿ ಚಳಿಗಾಲವೆಂಬುದೇ ಇಲ್ಲದಿರುವಾಗ ಕಾಲವನ್ನು ಇಷ್ಟು ಎಣಿಸಬೇಕಾದ ಅಗತ್ಯವಿಲ್ಲವೆಂದು ನನಗನಿಸುತ್ತದೆ. ಮೇ ಕೊನೆಯ ವಾರದಲ್ಲಿ ಹೋದರೆ ದುಡ್ಡೂ ಉಳಿಯುತ್ತದೆ, ಮಕ್ಕಳ ಮಾತೂ ನಡೆಯುತ್ತದೆ.

ಉತ್ತರ: ಹಳೆಯ ನಾವಿಕ, ಬೀದರ್

ತಾಯಿ, ಬೀದರಿನವನಾದರೂ ನನ್ನ ನೌಕರಿಯೆಲ್ಲ ಸರಕು ಹಡಗುಗಳಲ್ಲೇ ಕಳೆದಿದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಯಾದಗಿರಿಯ ತಮ್ಮ ಹೇಳಿರುವುದು ದಡದ ಮೇಲೆ ಕುಳಿತು ಸಮುದ್ರ ನೋಡುವವರಿಗೆ ಸರಿಯಾದ ಮಾತು. ಹೋಟೆಲಿನಲ್ಲಿ ಇಳಿದುಕೊಳ್ಳುವವರು ಮಳೆಯನ್ನು ಮಾತ್ರ ಲೆಕ್ಕಿಸಿದರೆ ಸಾಕು. ಹಾಯಿದೋಣಿಯಲ್ಲಿ ಮಲಗಿ ಏಳುವವರು ಗಾಳಿಯ ವೇಗ, ಅದು ಬೀಸುವ ದಿಕ್ಕು, ಅಲೆಯ ಎತ್ತರ ಮತ್ತು ಚಂಡಮಾರುತದ ಸಂಭವ ಈ ನಾಲ್ಕನ್ನೂ ನೋಡಬೇಕಾಗುತ್ತದೆ, ಮಳೆಗೆ ಅಲ್ಲಿ ಐದನೆಯ ಸ್ಥಾನ. ಕಣದಲ್ಲಿ ರಾಶಿ ತೂರುವಾಗ ಗಾಳಿ ಕಡಿಮೆಯಾದರೆ ಹೊಟ್ಟು ಹಾರುವುದಿಲ್ಲ, ಹೆಚ್ಚಾದರೆ ಕಾಳೂ ಹಾರಿಹೋಗುತ್ತದೆ. ಹಾಯಿಯ ಹದವೂ ಅದೇ. ಗಾಳಿಯ ವೇಗವನ್ನು ನಾವು ನಾಟ್‌ಗಳಲ್ಲಿ ಅಳೆಯುತ್ತೇವೆ, ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ. ಹತ್ತು ನಾಟ್‌ಗಿಂತ ಕಡಿಮೆಯಿದ್ದರೆ ವಿಹಾರದ ದೊಡ್ಡ ದೋಣಿಗಳು ಎಂಜಿನ್ ಹಚ್ಚಿಯೇ ಹೋಗಬೇಕಾಗುತ್ತದೆ. ಹತ್ತರಿಂದ ಹದಿನೆಂಟು ನಾಟ್‌ವರೆಗಿನ ಗಾಳಿ ಕುಟುಂಬದವರಿಗೆ ಹಿತಕರವಾದದ್ದು. ಇಪ್ಪತ್ತೈದನ್ನು ದಾಟಿತೆಂದರೆ ಅನುಭವಿಗಳು ಸಂತೋಷಪಡಬಹುದು, ನಿಮ್ಮ ಅತ್ತೆಯವರು ಮಾತ್ರ ದೋಣಿಯ ಕಂಬ ಹಿಡಿದುಕೊಂಡು ಕುಳಿತಿರಬೇಕಾಗುತ್ತದೆ.

‘ವರ್ಷವಿಡೀ ಸೂಕ್ತ’ ಎಂಬ ಮಾತಿಗೆ ಬರುತ್ತೇನೆ. ಉಷ್ಣವಲಯಕ್ಕೆಲ್ಲ ಒಂದೇ ಋತುಮಾನವಿಲ್ಲ. ಹಿಂದೂ ಮಹಾಸಾಗರದ ಉತ್ತರ ಭಾಗದಲ್ಲಿ ಗಾಳಿ ವರ್ಷಕ್ಕೆ ಎರಡು ಸಲ ತನ್ನ ದಿಕ್ಕನ್ನು ತಿರುಗಿಸುತ್ತದೆ: ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದಿಂದ, ನವೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯದಿಂದ. ನಡುವಿನ ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳುಗಳು ಗಾಳಿ ಮನಸ್ಸು ಬದಲಿಸುವ ಕಾಲ. 15ನೆಯ ಶತಮಾನದಲ್ಲಿ ನಮ್ಮ ಬೀದರಿಗೆ ಬಂದ ರಷ್ಯಾದ ವರ್ತಕ ಅಫನಾಸಿ ನಿಕಿಟಿನ್ ಹೊರ್ಮುಜ್ ಕಡೆಯಿಂದ ಕುದುರೆಯೊಂದನ್ನು ಹಡಗಿನಲ್ಲಿ ಹೇರಿಕೊಂಡು ಚೌಲ್ ಬಂದರಿನಲ್ಲಿ ಇಳಿದ. ಮಳೆಗಾಲವನ್ನು ಜುನ್ನರಿನಲ್ಲಿ ಕಳೆದು ಆಮೇಲೆ ಬೀದರಿನ ದಾರಿ ಹಿಡಿದ. ಬಹಮನಿಗಳ ಸೈನ್ಯಕ್ಕೆ ಕುದುರೆ ತರುತ್ತಿದ್ದ ಹಡಗುಗಳೆಲ್ಲ ಈ ಗಾಳಿಯ ಸರದಿಯನ್ನು ಕಾದೇ ಹಾಯಿ ಬಿಚ್ಚುತ್ತಿದ್ದವು, ಮುಂಗಾರಿನ ಅಬ್ಬರದಲ್ಲಿ ಪಶ್ಚಿಮ ಕರಾವಳಿಯ ಬಂದರುಗಳು ಮುಚ್ಚಿರುತ್ತಿದ್ದವು. ಇವತ್ತಿನ ವಿಹಾರ ದೋಣಿಯಲ್ಲಿ ಎಂಜಿನ್ ಇದೆ, ಉಪಗ್ರಹದ ನಕ್ಷೆ ಇದೆ ಎಂಬುದು ನಿಜವೇ ಆದರೂ, ಮೂರು ಮೀಟರ್ ಅಲೆಯನ್ನು ಚಪ್ಪಟೆ ಮಾಡುವ ಯಂತ್ರ ಯಾರ ಬಳಿಯೂ ಇಲ್ಲ.

ಇನ್ನೊಂದು ಸಂಗತಿ ಪ್ರವಾಸದ ಕರಪತ್ರಗಳಲ್ಲಿ ಎಂದೂ ಇರುವುದಿಲ್ಲ. ಅಲೆ ಏಳಬೇಕಾದರೆ ಗಾಳಿ ತೆರೆದ ನೀರಿನ ಮೇಲೆ ಬಹುದೂರ ಓಡಬೇಕು. ಥಾಯ್ಲೆಂಡಿನ ಫುಕೆಟ್ ಇರುವುದು ಆ ದೇಶದ ಪಶ್ಚಿಮ ಬದಿಯಲ್ಲಿ. ಡಿಸೆಂಬರ್‌ನ ಈಶಾನ್ಯ ಗಾಳಿ ಅಲ್ಲಿಗೆ ನೆಲದ ಮೇಲಿನಿಂದ ಬರುವುದರಿಂದ ಹಾಯಿ ತುಂಬುವಷ್ಟು ಗಾಳಿಯಿದ್ದರೂ ನೀರು ಮಾತ್ರ ಸಮತಟ್ಟಾಗಿರುತ್ತದೆ. ಅದೇ ಗಾಳಿ, ಅದೇ ದೇಶದ ಪೂರ್ವ ಬದಿಯ ಕೋ ಸಮುಯಿ ದ್ವೀಪಕ್ಕೆ ತೆರೆದ ಕೊಲ್ಲಿಯನ್ನು ದಾಟಿ ಬರುವುದರಿಂದ ಅಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅಲೆಯೂ ಮಳೆಯೂ ಹೆಚ್ಚು. ಆದ್ದರಿಂದ ‘ಡಿಸೆಂಬರ್‌ನಲ್ಲಿ ಥಾಯ್ಲೆಂಡ್ ಹೇಗೆ’ ಎಂದು ಕೇಳಿದರೆ ಉತ್ತರ ಸಿಗದು, ಯಾವ ಬದಿ ಎಂದು ಹೇಳಬೇಕು. ಅಂಡಮಾನ್‌ನಲ್ಲಿಯೂ ಹೀಗೆಯೇ: ಸ್ವರಾಜ್ ದ್ವೀಪದ, ಅಂದರೆ ಹಿಂದಿನ ಹ್ಯಾವ್‌ಲಾಕ್‌ನ, ರಾಧಾನಗರ ತೀರ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಚಳಿಗಾಲದಲ್ಲಿ ಶಾಂತವಾಗಿದ್ದು, ಮುಂಗಾರಿನಲ್ಲಿ ಅಲೆಗಳಿಗೆ ಎದೆಯೊಡ್ಡಿ ನಿಂತಿರುತ್ತದೆ.

ನಿಮ್ಮ ಮೂರು ರಜೆಗಳಲ್ಲಿ ಮೇ ಕೊನೆಯನ್ನು ಮೊದಲು ತೆಗೆದುಹಾಕಿರಿ. ಮುಂಗಾರು ಕೇರಳವನ್ನು ಮುಟ್ಟುವುದಕ್ಕೆ ಮೊದಲೇ, ಮೇ ಮೂರನೆಯ ವಾರದ ಹೊತ್ತಿಗೆ, ಅಂಡಮಾನ್ ಸಮುದ್ರಕ್ಕೆ ಕಾಲಿಟ್ಟಿರುತ್ತದೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳಿಗೆ ಎರಡು ಹಂಗಾಮುಗಳಿವೆ, ಮುಂಗಾರಿಗೆ ಮುನ್ನ ಒಂದು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದು. ಅರಬ್ಬೀ ಸಮುದ್ರವೂ ಇದಕ್ಕೆ ಹೊರತಲ್ಲ. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಲಕ್ಷದ್ವೀಪದ ಕಡೆಯಿಂದಲೇ ಮೇಲಕ್ಕೆ ಬಂದು ಗುಜರಾತನ್ನು ಅಪ್ಪಳಿಸಿತು. ಕಲಬುರಗಿಯ ಬಿಸಿಲಿನಿಂದ ತಪ್ಪಿಸಿಕೊಳ್ಳಲು ಮಕ್ಕಳಿಗೆ ಊಟಿ ತೋರಿಸಿರಿ.

ಡಿಸೆಂಬರ್ ಕೊನೆಯ ವಾರಕ್ಕೆ ಫುಕೆಟ್ ಬದಿ ನನ್ನ ಮೊದಲ ಆಯ್ಕೆ. ಫುಕೆಟ್‌ನ ಪೂರ್ವಕ್ಕಿರುವ ಫಾಂಗ್ ನ್ಗಾ ಕೊಲ್ಲಿ ಸುಣ್ಣಕಲ್ಲಿನ ಕಡಿದಾದ ಗುಡ್ಡಗಳಿಂದ ತುಂಬಿದ್ದು, ಅವುಗಳ ಮರೆಯಲ್ಲಿ ರಾತ್ರಿ ಲಂಗರು ಹಾಕಲು ಪ್ರಶಸ್ತವಾದ ಜಾಗಗಳಿವೆ. ಅಲ್ಲಿಯ ಹೆಸರಾಂತ ಹಾಯಿದೋಣಿ ಪಂದ್ಯ ಕಿಂಗ್ಸ್ ಕಪ್ 1987ರಿಂದಲೂ ಡಿಸೆಂಬರ್ ಮೊದಲ ಭಾಗದಲ್ಲಿ ನಡೆಯುತ್ತಿರುವುದಕ್ಕೆ ಈ ಗಾಳಿಯೂ ಕಾರಣ. ಒಂದೇ ಅಡಚಣೆಯೆಂದರೆ ಹೊಸ ವರ್ಷದ ವಾರದಲ್ಲಿ ಬಾಡಿಗೆ ಗಗನಕ್ಕೇರಿರುತ್ತದೆ.

ಉತ್ತರ: ಎಲ್‌ಟಿಸಿ ಯಾತ್ರಿಕ, ಕಲಬುರಗಿ

ಕಾಕಾ ಅವರ ವಿವರಣೆ ಉಪಯುಕ್ತವಾಗಿದೆ. ಸರ್ಕಾರಿ ನೌಕರಿಯ ರಜಾ ಪ್ರಯಾಣ ಸೌಲಭ್ಯದಲ್ಲಿ ನಮ್ಮ ದೇಶದ ಎರಡೂ ದ್ವೀಪಸಮೂಹಗಳನ್ನು ನೋಡಿ ಬಂದಿರುವುದರಿಂದ ಆ ಬಗ್ಗೆ ಮಾತ್ರ ಬರೆಯುತ್ತೇನೆ.

ಲಕ್ಷದ್ವೀಪದ ವಿಶೇಷವೆಂದರೆ ಅಲ್ಲಿಯ ಲಗೂನುಗಳು. ಹವಳದ ದಿಬ್ಬವು ದ್ವೀಪದ ಪಶ್ಚಿಮಕ್ಕೆ ಗೋಡೆಯಂತೆ ನಿಂತು ಹೊರಗಿನ ಅಲೆಯನ್ನು ಒಡೆಯುವುದರಿಂದ ಒಳಗಿನ ನೀರು ತಿಳಿಯಾಗಿ, ಆಳವಿಲ್ಲದೆ ಇರುತ್ತದೆ. ಮಕ್ಕಳು ಚಿಕ್ಕ ಹಾಯಿದೋಣಿಯನ್ನು ಸ್ವತಃ ನಡೆಸಲು ಕಲಿಯುವುದಾದರೆ ಇಂಥ ನೀರು ಬೇಕು. ಅಕ್ಟೋಬರ್‌ನಿಂದ ಮೇ ಮೊದಲ ಭಾಗದವರೆಗೆ ಅಲ್ಲಿ ಪ್ರವಾಸದ ಕಾಲ. ಮುಂಗಾರಿನಲ್ಲಿ ಕೊಚ್ಚಿಯಿಂದ ಹೋಗುವ ಹಡಗುಗಳ ಓಡಾಟ ಬಹಳ ಕಡಿಮೆಯಾಗುತ್ತದೆ. ಆದರೆ ದ್ವೀಪದಿಂದ ದ್ವೀಪಕ್ಕೆ ಹಾಯಿಯಲ್ಲಿ ಸಾಗುವ ನಿಮ್ಮ ಕಲ್ಪನೆಗೆ ಲಕ್ಷದ್ವೀಪ ಅಷ್ಟು ಹೊಂದುವುದಿಲ್ಲ: ದ್ವೀಪಗಳ ನಡುವಿನ ಅಂತರ ಹೆಚ್ಚು, ನಡುವೆ ಇರುವುದು ತೆರೆದ ಸಮುದ್ರ. ಜೊತೆಗೆ ಪ್ರವೇಶ ಪರವಾನಗಿಯನ್ನು ಮೊದಲೇ ಪಡೆಯಬೇಕು. ದಸರಾ ರಜೆಗೆ ಹೋಗುವವರು ಗಣೇಶ ಚೌತಿಗೆ ಅರ್ಜಿಯ ಬಗ್ಗೆ ಯೋಚಿಸಿದರೆ ತಡವಾಗುತ್ತದೆ. ಅಂಡಮಾನ್‌ನ ಸಾಮಾನ್ಯ ಪ್ರವಾಸಿ ಸ್ಥಳಗಳಿಗೆ ನಮ್ಮ ದೇಶದವರಿಗೆ ಈ ತೊಂದರೆ ಇಲ್ಲ.

ಅಂಡಮಾನ್‌ಗೆ ಹೋಗುವುದಾದರೆ ಒಣ ತಿಂಗಳುಗಳು ಜನವರಿಯಿಂದ ಏಪ್ರಿಲ್‌ವರೆಗೆ ಮಾತ್ರ. ಪೋರ್ಟ್ ಬ್ಲೇರ್‌ನಲ್ಲಿ (2024ರಿಂದ ಅದರ ಹೆಸರು ಶ್ರೀ ವಿಜಯಪುರಂ) ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆಯಾಗುತ್ತದೆ, ನಮ್ಮ ಕಲಬುರಗಿಯ ಸರಾಸರಿಯ ನಾಲ್ಕು ಪಟ್ಟು. ಮುಂಗಾರು ಹೋಯಿತೆನ್ನುವಷ್ಟರಲ್ಲಿ ಹಿಂಗಾರು ಬಂದಿರುತ್ತದೆ. 2016ರ ಡಿಸೆಂಬರ್ ಮೊದಲ ವಾರದಲ್ಲಿ ವಾಯುಭಾರ ಕುಸಿತದಿಂದ ದೋಣಿಗಳು ನಿಂತುಹೋಗಿ ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸುಮಾರು 1,400 ಪ್ರವಾಸಿಗರು ಸಿಕ್ಕಿಬಿದ್ದಾಗ ನೌಕಾಪಡೆಯ ಹಡಗುಗಳು ಅವರನ್ನು ಕರೆತರಬೇಕಾಯಿತು. ಆ ಕುಸಿತವೇ ಮುಂದೆ ವರ್ದಾ ಚಂಡಮಾರುತವಾಗಿ ಚೆನ್ನೈಗೆ ಬಡಿಯಿತು. ಯಾದಗಿರಿಯ ಗೆಳೆಯರಿಗೆ ಆಗಸ್ಟ್‌ನಲ್ಲಿ ತೊಂದರೆಯಾಗದಿರುವುದು ಸಂತೋಷದ ವಿಷಯ. ಆದರೆ ಮಿಲ್ಲಿಗೆ ಇಂಥ ದಿನವೇ ಮರಳಬೇಕಾದವರು ಆ ಧೈರ್ಯ ಮಾಡುವುದು ಕಷ್ಟ.

ಮರುಪ್ರಶ್ನೆ: ತೊಗರಿನಾಡು, ಕಲಬುರಗಿ

ಎಲ್ಲರಿಗೂ ವಂದನೆಗಳು. ಕಾಕಾ, ನಿಮ್ಮ ಮಾತಿನಂತೆ ಮೇ ತಿಂಗಳನ್ನು ಕೈಬಿಟ್ಟೆವು; ಊಟಿಯ ಮಾತು ಮಕ್ಕಳಿಗೆ ಹಿಡಿಸಲಿಲ್ಲ. ಡಿಸೆಂಬರ್‌ನ ಬಾಡಿಗೆಯನ್ನು ವಿಚಾರಿಸಿದಾಗ ಮನೆಯವರು ಸ್ವಲ್ಪ ಹೊತ್ತು ಸುಮ್ಮನಾದರು. ಆದ್ದರಿಂದ ಎರಡು ವಿಷಯ ತಿಳಿಸಬೇಕು. ದಸರಾ ರಜೆಯಲ್ಲಿ, ಅಂದರೆ ಅಕ್ಟೋಬರ್‌ನಲ್ಲಿ, ಬಂಗಾಳ ಕೊಲ್ಲಿಯನ್ನು ಬಿಟ್ಟು ಬೇರೆಲ್ಲಿಗೆ ಹೋಗಬಹುದು? ಹಾಗೆಯೇ ಏಪ್ರಿಲ್ ಮಧ್ಯಭಾಗ ಹೇಗಿರುತ್ತದೆ? ಅತ್ತೆಯವರಿಗೆ ಬಸ್ಸಿನಲ್ಲಿ ಹುಮನಾಬಾದ್ ದಾಟುವಷ್ಟರಲ್ಲೇ ಹೊಟ್ಟೆ ತೊಳೆಸುತ್ತದೆ ಎಂಬುದನ್ನೂ ಗಮನದಲ್ಲಿಟ್ಟುಕೊಂಡು ಹೇಳಬೇಕೆಂದು ಕೋರುತ್ತೇನೆ.

ಉತ್ತರ: ಹಳೆಯ ನಾವಿಕ, ಬೀದರ್

ಅಕ್ಟೋಬರ್‌ಗೆ ಭೂಮಧ್ಯರೇಖೆಯನ್ನು ದಾಟಿರಿ. ದಕ್ಷಿಣದಲ್ಲಿ ಲೆಕ್ಕ ತಿರುವುಮುರುವು. ಮಾರಿಷಸ್ ಸುಮಾರು 20 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿದ್ದು, ಅದರ ಚಂಡಮಾರುತದ ಕಾಲ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಜುಲೈ-ಆಗಸ್ಟ್‌ನಲ್ಲಿ ಆಗ್ನೇಯದ ವಾಣಿಜ್ಯ ಮಾರುತಗಳು ಅಲ್ಲಿ ಬಿರುಸಾಗಿ ಬೀಸಿ, ಅಕ್ಟೋಬರ್ ಹೊತ್ತಿಗೆ ಹದಕ್ಕೆ ಬರುತ್ತವೆ. ವರ್ಷದಲ್ಲಿ ಅತಿ ಕಡಿಮೆ ಮಳೆ ಬೀಳುವುದೂ ಆಗಲೇ. ದ್ವೀಪದ ಸುತ್ತ ಹವಳದ ದಿಬ್ಬ ಇರುವುದರಿಂದ ಅದರ ಒಳಗೆ ಕಟಮರಾನ್‌ನಲ್ಲಿ ಹಗಲಿಡೀ ಸಾಗಿ ಸಂಜೆಗೆ ನೆಲದ ಮೇಲೆ ಮಲಗಬಹುದು. ನಿಮ್ಮ ಅತ್ತೆಯವರನ್ನು ನೆನೆದರೆ ನನಗೆ ಇದೇ ಸರಿಯೆನಿಸುತ್ತದೆ. ಜೋಡಿ ಒಡಲಿನ ಕಟಮರಾನ್ ಒಂದೇ ಬದಿಗೆ ವಾಲುವುದಿಲ್ಲ, ಒಂಟಿ ಒಡಲಿನ ದೋಣಿ ಗಾಳಿಗೆ ವಾಲಿಕೊಂಡೇ ಓಡುತ್ತದೆ.

ದೋಣಿಯಲ್ಲೇ ರಾತ್ರಿ ಕಳೆಯುತ್ತ ದ್ವೀಪದಿಂದ ದ್ವೀಪಕ್ಕೆ ಹೋಗಲೇಬೇಕೆಂದರೆ ಸೇಶೆಲ್ಸ್‌ಗೆ ಸಮನಾದದ್ದು ಕಡಿಮೆ. ಅದರ ಮುಖ್ಯ ದ್ವೀಪಗಳು ಭೂಮಧ್ಯರೇಖೆಯಿಂದ ನಾಲ್ಕೈದು ಡಿಗ್ರಿಯಷ್ಟೇ ದೂರದಲ್ಲಿವೆ, ಅಷ್ಟು ಹತ್ತಿರದಲ್ಲಿ ಭೂಮಿಯ ತಿರುಗುವಿಕೆಯ ಪ್ರಭಾವ ಕ್ಷೀಣವಾಗಿರುವುದರಿಂದ ಚಂಡಮಾರುತ ಸುತ್ತಿಕೊಳ್ಳುವುದು ಬಹಳ ಅಪರೂಪ. 2016ರ ಏಪ್ರಿಲ್‌ನಲ್ಲಿ ಫಂಟಾಲಾ ಚಂಡಮಾರುತ ಆ ದೇಶದ ಫಾರ್ಕ್ವಾರ್ ದ್ವೀಪಗಳನ್ನು ಹಾಳುಮಾಡಿತು ನಿಜ, ಆದರೆ ಅವು ತೀರ ದಕ್ಷಿಣದಲ್ಲಿವೆ, ಪ್ರವಾಸಿ ದೋಣಿಗಳು ಸಾಮಾನ್ಯವಾಗಿ ಅತ್ತ ಹೋಗುವುದಿಲ್ಲ. ಮಾಹೆಯಿಂದ ಪ್ರಾಲಿನ್‌ಗೆ ಸುಮಾರು 45 ಕಿ.ಮೀ., ಅಲ್ಲಿಂದ ಲಾ ಡೀಗ್ ಕಣ್ಣೆದುರೇ ಕಾಣುತ್ತದೆ. ಮೊದಲ ದಿನದ ಆ ತೆರೆದ ಹಾದಿ ಜುಲೈ-ಆಗಸ್ಟ್‌ನಲ್ಲಿ ಒರಟಾಗಿರುತ್ತದೆ, ಅಕ್ಟೋಬರ್‌ನಲ್ಲಿ ಆಗ್ನೇಯ ಗಾಳಿ ಇಳಿಯುತ್ತಿರುವುದರಿಂದ ಸಾಧಾರಣವಾಗಿ ಸಲೀಸು. ರಜೆ ಅಕ್ಟೋಬರ್ ಮೊದಲ ವಾರದಲ್ಲೇ ಬಂದರೆ ಹಾಯಿಗೆ ಗಾಳಿ ಚೆನ್ನಾಗಿ ಸಿಗುತ್ತದೆ, ಕೊನೆಗೆ ಬಂದರೆ ಎಂಜಿನ್ ಸದ್ದು ಹೆಚ್ಚು ಕೇಳಬೇಕಾಗಬಹುದು.

ಏಪ್ರಿಲ್ ಮಧ್ಯಭಾಗಕ್ಕೆ ಅಂಡಮಾನ್ ಆಗಲಿ ಮಾಲ್ದೀವ್ಸ್ ಆಗಲಿ ಆದೀತು. ನೀರು ಕನ್ನಡಿಯಂತೆ ತಿಳಿಯಾಗಿರುತ್ತದೆ, ಆದರೆ ಗಾಳಿ ಕಡಿಮೆ. ಹವಳ ನೋಡಲು ಮುಳುಗು ಹಾಕುವವರಿಗೆ ಅದು ಹಬ್ಬ, ಹಾಯಿ ಬಿಚ್ಚಲು ಕಾದಿರುವವರಿಗೆ ಬೇಸರ. ರಜೆ ಶುರುವಾದ ವಾರವೇ ಹೊರಡಬೇಕು, ಮದುವೆ ಮುಂಜಿಗಳನ್ನೆಲ್ಲ ಮುಗಿಸಿಕೊಂಡು ಹೋಗೋಣವೆಂದರೆ ಮೇ ಬಂದುಬಿಡುತ್ತದೆ. ಆ ತಿಂಗಳುಗಳಲ್ಲಿ ಇನ್ನೊಂದು ಅಪಾಯವಿದೆ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಪ್ರಯಾಣ ಮಾಡಿ, ಇಲ್ಲಿ ಗಾಳಿಯ ಸುಳಿವೇ ಇಲ್ಲದಿರುವಾಗ ಕೇರಳ ಮತ್ತು ಲಕ್ಷದ್ವೀಪದ ದಡಕ್ಕೆ ನುಗ್ಗುತ್ತವೆ. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಇದರ ಮುನ್ಸೂಚನೆ ಕೊಡುವ ಸಂಸ್ಥೆ ನಮ್ಮ ಹತ್ತಿರದಲ್ಲೇ, ಸಮುದ್ರವೇ ಇಲ್ಲದ ಹೈದರಾಬಾದಿನಲ್ಲಿದೆ: ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯಿಸ್. ಅಲೆಯ ಎತ್ತರ, ಗಾಳಿಯ ವೇಗಗಳ ಮುನ್ಸೂಚನೆಯನ್ನು ಅದರ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಹೊರಡುವ ವಾರ ಪ್ರವಾಸ ಕಂಪನಿಯ ಮಾತಿಗಿಂತ ಅದನ್ನು ನೋಡುವುದು ಮೇಲು.

ಉತ್ತರ: ಭೀಮಾತೀರ, ಯಾದಗಿರಿ

ಕಾಕಾ ಅವರ ಮಾತನ್ನು ಒಪ್ಪುತ್ತೇನೆ, ಆದರೂ ಅಗ್ಗದ ಆಗಸ್ಟ್‌ನ ಪರವಾಗಿ ನನ್ನ ಮತ ಹಾಗೆಯೇ ಇರಲಿ. ಔಷಧ ಅಂಗಡಿ ನಡೆಸುವವನಾಗಿ ಅತ್ತೆಯವರ ಬಗ್ಗೆ ಒಂದೆರಡು ಮಾತು ಹೇಳುತ್ತೇನೆ. ಹೊಟ್ಟೆ ತೊಳೆಸುವುದನ್ನು ತಡೆಯುವ ಮಾತ್ರೆಗಳನ್ನು ದೋಣಿ ಹತ್ತುವುದಕ್ಕೆ ಮೊದಲೇ ತೆಗೆದುಕೊಳ್ಳಬೇಕು, ವಾಂತಿ ಶುರುವಾದ ಮೇಲೆ ನುಂಗಿದರೆ ಅವು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಇವುಗಳಲ್ಲಿ ಹಲವು ಮಾತ್ರೆಗಳು ತೂಕಡಿಕೆ ತರುತ್ತವೆ. ವಯಸ್ಸಾದವರಿಗೆ, ಅದರಲ್ಲೂ ಬಿಪಿ ಅಥವಾ ಕಣ್ಣಿನ ಒತ್ತಡಕ್ಕೆ ಔಷಧ ತೆಗೆದುಕೊಳ್ಳುತ್ತಿರುವವರಿಗೆ, ವೈದ್ಯರನ್ನು ಕೇಳದೆ ಕೊಡಬಾರದು. ದೋಣಿಯ ಮಧ್ಯಭಾಗದಲ್ಲಿ, ಹೊರಗಿನ ಗಾಳಿಯಲ್ಲಿ, ದಿಗಂತ ಕಾಣುವಂತೆ ಕುಳಿತರೆ ತೊಂದರೆ ಕಡಿಮೆಯಾಗುತ್ತದೆ. ಕೆಳಗಿನ ಕೋಣೆಯಲ್ಲಿ ಕುಳಿತು ಮೊಬೈಲ್ ನೋಡುವುದು ಮಕ್ಕಳಿಗೂ ಒಳ್ಳೆಯದಲ್ಲ.

ಉತ್ತರ: ಎಲ್‌ಟಿಸಿ ಯಾತ್ರಿಕ, ಕಲಬುರಗಿ

ಮುಂಗಡ ಕಟ್ಟುವ ಮೊದಲು ಕರಾರನ್ನು ಪೂರ್ತಿ ಓದಿಕೊಳ್ಳಿರಿ, ಅಕ್ಕನವರೆ. ಹವಾಮಾನ ಕೆಟ್ಟು ದೋಣಿ ಹೊರಡದಿದ್ದರೆ ಹಣ ಮರಳಿಸುತ್ತಾರೆಯೋ, ಇನ್ನೊಂದು ದಿನಾಂಕ ಕೊಡುತ್ತಾರೆಯೋ, ಅಥವಾ ಬಂದರಿನಲ್ಲೇ ಕಟ್ಟಿದ ದೋಣಿಯಲ್ಲಿ ಮಲಗಿಸಿ ಬಾಡಿಗೆ ಪೂರ್ತಿ ಪಡೆಯುತ್ತಾರೆಯೋ ಎಂಬುದು ಅದರಲ್ಲಿ ಬರೆದಿರಬೇಕು. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಮಾಡಿಸಿದ ಪ್ರವಾಸ ವಿಮೆಯಿಂದ ಆ ಚಂಡಮಾರುತದ ನಷ್ಟ ಸಾಮಾನ್ಯವಾಗಿ ಸಿಗುವುದಿಲ್ಲ. ಆದ್ದರಿಂದ ವಿಮೆಯನ್ನು ಟಿಕೆಟ್ ತೆಗೆಯುವ ದಿನವೇ ಮಾಡಿಸಿಬಿಡಬೇಕು. ಮರಳುವ ವಿಮಾನಕ್ಕೂ ದೋಣಿಯಿಂದ ಇಳಿಯುವ ದಿನಕ್ಕೂ ನಡುವೆ ಒಂದು ರಾತ್ರಿ ಬಿಡುವು ಇಟ್ಟುಕೊಂಡರೆ, ಗಾಳಿ ಅರ್ಧ ದಿನ ತಡ ಮಾಡಿದರೂ ಹೈದರಾಬಾದಿನಿಂದ ಕಲಬುರಗಿಯ ರೈಲು ತಪ್ಪುವುದಿಲ್ಲ.

ತೊಗರಿನಾಡು, ಕಲಬುರಗಿ

ದಸರಾಕ್ಕೆ ಮಾರಿಷಸ್ ಎಂದು ಮನೆಯಲ್ಲಿ ತೀರ್ಮಾನವಾಗಿದೆ. ಸೇಶೆಲ್ಸ್ ಮಕ್ಕಳ ಆಯ್ಕೆಯಾಗಿತ್ತು, ಆದರೆ ರಾತ್ರಿ ನೆಲದ ಮೇಲೆ ಮಲಗಬಹುದೆಂದು ಕೇಳಿದೊಡನೆ ಅತ್ತೆಯವರು ಪಾಸ್‌ಪೋರ್ಟ್ ಅರ್ಜಿಗೆ ಸಹಿ ಹಾಕಿದರು. ಕಟಮರಾನ್ ನಡೆಸುವ ಸಂಸ್ಥೆಗಳಿಗೆ ಬರೆಯುವಾಗ ಲಗೂನಿನ ಒಳಗಿನ ಹಾದಿ, ಜೀವರಕ್ಷಕ ಕವಚ ಮತ್ತು ಹವಾಮಾನದ ಕರಾರು ಈ ಮೂರನ್ನು ಮೊದಲು ಕೇಳುತ್ತೇನೆ.